ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳು: ಬಂಧ, ಲಯ, ಭಾವ

ಬಾದಾಮಿಯ ಅಗಸ್ತ್ಯತೀರ್ಥದ ಈಶಾನ್ಯ ಭಾಗದಲ್ಲಿ, ತಟ್ಟುಕೋಟೆಯ ಸಮೀಪದಲ್ಲಿ, ಕೆರೆಯನ್ನು ನೋಡುತ್ತ ನಿಂತಿರುವ ಬಂಡೆಯ ಮೇಲೆ ಹತ್ತು ಸಾಲುಗಳ ಶಾಸನವೊಂದು ಇದೆ. ಕಪ್ಪೆ ಅರಭಟ್ಟನ ಶಾಸನವೆಂದು ಅದು ವಿದ್ವಾಂಸರಿಗೆಲ್ಲ ಪರಿಚಿತವಾದುದು. ಜೆ. ಎಫ್. ಫ್ಲೀಟ್ ಅವರು ೧೮೮೧ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ ಹತ್ತನೆಯ ಸಂಪುಟದಲ್ಲಿ ಅದನ್ನು ಪ್ರಕಟಿಸಿದರು, ಬಾದಾಮಿಯು ಆಗ ಕಲಾದಗಿ ಜಿಲ್ಲೆಗೆ ಸೇರಿತ್ತು. ಶಾಸನದಲ್ಲಿ ಶಕವರ್ಷವಿಲ್ಲ, ಆಳುವ ಅರಸನ ಹೆಸರಿಲ್ಲ, ದತ್ತಿಯ ಮಾತಿಲ್ಲ, ಶಾಪಾಶಯವೂ ಇಲ್ಲ. ಲಿಪಿಯ ರೂಪವನ್ನು ನೋಡಿ ಅದು ಕ್ರಿ. ಶ. ಸುಮಾರು ೭೦೦ಕ್ಕೆ ಸೇರಿದುದೆಂದು ನಿರ್ಣಯಿಸಿದ್ದಾರೆ. ಎಂದರೆ ಚಾಲುಕ್ಯ ವಿಜಯಾದಿತ್ಯನ ಆಳಿಕೆಯ (೬೯೬–೭೩೩) ಆದಿಭಾಗದ ಕಾಲ. ಒಬ್ಬ ಮನುಷ್ಯನ ಶೀಲವನ್ನು ಹೊಗಳುವುದನ್ನು ಬಿಟ್ಟು ಬೇರೊಂದು ಪ್ರಯೋಜನವಿಲ್ಲದ ಇಂಥ ಶಾಸನಗಳು ಆ ಕಾಲದಲ್ಲಿ ವಿರಳ.

ಇದರಲ್ಲಿ ಐದು ಪದ್ಯಖಂಡಗಳುಂಟು. ಮೊದಲನೆಯದು ಅರಭಟ್ಟನ ಹೆಸರನ್ನೂ ಬಿರುದುಗಳನ್ನೂ ಹೇಳುವ ಭಾಗ: ಅವನು ಶಿಷ್ಟರಿಗೆ ಬೇಕಾದವನು, ದುಷ್ಟರನ್ನು ದೂರವಿಟ್ಟವನು, ಕಲಿಯುಗಕ್ಕೆ ವಿರುದ್ಧನಾದವನು. ಎರಡನೆಯದು ಸಂಸ್ಕೃತ ಶ್ಲೋಕ. ತೇಜಸ್ವಿಯಾದವನಿಗೆ ಮಾನಹಾನಿಗಿಂತ ಮರಣವೇ ಮೇಲು. ಮರಣದ ದುಃಖ ಒಂದು ಕ್ಷಣದ್ದು, ಮಾನಭಂಗದ್ದು ದಿನದಿನದ್ದು ಎಂಬುದು ಅದರ ಭಾವ. ಉಳಿದ ಮೂರೂ ಕನ್ನಡ ತ್ರಿಪದಿಗಳು. ಇವುಗಳಲ್ಲಿ ಮೊದಲನೆಯದು ಮಾತ್ರ ನಮ್ಮ ಪಾಠಶಾಲೆಗಳಲ್ಲಿ ಬಾಯಿಪಾಠವಾಗಿ ಉಳಿದಿದೆ. ಮಿಕ್ಕೆರಡನ್ನು ಉಪಾಧ್ಯಾಯರೂ ಸಾಮಾನ್ಯವಾಗಿ ಗಮನಕ್ಕೆ ತಂದುಕೊಳ್ಳುವುದಿಲ್ಲ. ಪದ್ಯಪಾಠವು ವಾಚಕರಲ್ಲಿ ಬಹುಮಂದಿಗೆ ಗೊತ್ತಿರುವುದರಿಂದ ಅದನ್ನು ಇಲ್ಲಿ ಪುನಃ ಬರೆಯದೆ ಅದರ ಕಟ್ಟನ್ನಷ್ಟೇ ವಿಚಾರಿಸುತ್ತೇವೆ.

ವಿಚಾರಕ್ಕೆ ಕಾರಣವಾದ ಸಂಗತಿ ಇದು. ಈ ತ್ರಿಪದಿಗಳ ಮೇಲೆ ಒಂದು ಆಕ್ಷೇಪವುಂಟು. ತ್ರಿಪದಿಯ ಪಾದಗಳಿಗೆ ಕ್ರಮವಾಗಿ ೨೦, ೧೭, ೧೩ ಮಾತ್ರೆಗಳಿರಬೇಕು. ಶಾಸನದ ಪದ್ಯಗಳಲ್ಲಿ ಎರಡನೆಯ ಪಾದವು ಹದಿನೇಳನ್ನು ಮೀರುತ್ತದೆ. ಆದುದರಿಂದ ಇವು ಲಕ್ಷಣಬದ್ಧವಾದ ತ್ರಿಪದಿಗಳಲ್ಲ, ತ್ರಿಪದಿಯ ಕಡೆಗೆ ನಡೆಯುತ್ತಿದ್ದ ಅಪಕ್ವ ರಚನೆಗಳು ಎಂಬುದು ಅದರ ಸಾರ. ಇದು ನಿಜವಾದ ಪಕ್ಷದಲ್ಲಿ ಏಳನೆಯ ಶತಮಾನದ ಕೊನೆಯಲ್ಲಿ ತ್ರಿಪದಿ ಇನ್ನೂ ರೂಪುಗೊಳ್ಳುತ್ತಿತ್ತೆಂದೂ, ಬಂಡೆಯ ಮೇಲೆ ಪದ್ಯವನ್ನು ಕೊರೆಯಿಸಿದ ಕವಿ ಲಯದಲ್ಲಿ ತಡವರಿಸುತ್ತಿದ್ದನೆಂದೂ ಒಪ್ಪಬೇಕಾಗುತ್ತದೆ. ದೇಸಿ ಛಂದಸ್ಸಿನ ಇತಿಹಾಸದ ಮೊದಲ ಪುಟವೇ ಹೀಗೆ ತಿದ್ದಲ್ಪಡುವುದರಿಂದ, ಆಕ್ಷೇಪವನ್ನು ಪರೀಕ್ಷಿಸದೆ ಬಿಡುವುದು ಯುಕ್ತವಲ್ಲ.

ಅಳೆಯುವುದಕ್ಕೆ ಮೊದಲು ಅಳತೆಗೋಲನ್ನು ನೋಡಬೇಕು. ಒಂದನೆಯ ನಾಗವರ್ಮನು ಹತ್ತನೆಯ ಶತಮಾನದ ಕೊನೆಯಲ್ಲಿ ಬರೆದ ‘ಛಂದೋಂಬುಧಿ’ಯಲ್ಲಿ (ಕಿಟ್ಟೆಲ್ಲರು ಇದನ್ನು ೧೮೭೫ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು) ತ್ರಿಪದಿಗೆ ಮಾತ್ರೆಯ ಲೆಕ್ಕವನ್ನು ಹೇಳಿಲ್ಲ. ಹನ್ನೊಂದು ಗಣಗಳು, ಆರನೆಯ ಮತ್ತು ಹತ್ತನೆಯ ಸ್ಥಾನಗಳಲ್ಲಿ ಬ್ರಹ್ಮಗಣ, ಉಳಿದೆಡೆಯಲ್ಲೆಲ್ಲ ವಿಷ್ಣುಗಣ, ಇಷ್ಟೇ ಅವನ ವಿಧಿ. ಈ ಗಣಗಳು ಅಂಶಗಣಗಳು. ಗಣದ ಮೊದಲನೆಯ ಅಂಶವು ಒಂದು ಗುರು ಅಥವಾ ಎರಡು ಲಘು. ಆಮೇಲಿನ ಒಂದೊಂದು ಅಂಶವೂ ಗುರುವಾದರೂ ಆಗಬಹುದು, ಲಘುವಾದರೂ ಆಗಬಹುದು. ಬ್ರಹ್ಮಕ್ಕೆ ಎರಡು ಅಂಶ, ವಿಷ್ಣುವಿಗೆ ಮೂರು, ರುದ್ರಕ್ಕೆ ನಾಲ್ಕು. ಹೀಗಾಗಿ ಬ್ರಹ್ಮಗಣದ ನಾಲ್ಕು ರೂಪಗಳು ಮೂರು ಅಥವಾ ನಾಲ್ಕು ಮಾತ್ರೆಗಳಾಗುತ್ತವೆ. ವಿಷ್ಣುಗಣದ ಎಂಟು ರೂಪಗಳು ನಾಲ್ಕರಿಂದ ಆರರವರೆಗೆ ಹಿಗ್ಗಿ ಕುಗ್ಗುತ್ತವೆ. ಹಾಡುವವನು ಲಘುವನ್ನು ಎಳೆದು, ಗುರುವನ್ನು ಒತ್ತಿ, ಒಂದೊಂದು ಗಣಕ್ಕೂ ಸಮನಾದ ಕಾಲವನ್ನು ಕೊಡುತ್ತಾನೆ. ಲೆಕ್ಕವಿರುವುದು ತಾಳದಲ್ಲಿ, ಕಾಗದದ ಮೇಲಲ್ಲ.

ವಿಷ್ಣುಗಣಗಳೆಲ್ಲ ಐದು ಮಾತ್ರೆಯ ಕಡೆಗೆ ಒಲಿದು ಗಟ್ಟಿಯಾದುದು ಕ್ರಮೇಣ ಆದ ಬೆಳವಣಿಗೆ. ಷಟ್ಪದಿಯ ಇತಿಹಾಸವೂ ಇದೇ ದಾರಿಯಲ್ಲಿ ನಡೆದಿದೆ: ನಾಗವರ್ಮನಲ್ಲಿ ಅಂಶಗಣದ್ದಾಗಿದ್ದ ಷಟ್ಪದಿಯು ರಾಘವಾಂಕನ ಕೈಯಲ್ಲಿ ಮಾತ್ರಾಗಣದ ವಾರ್ಧಕವಾಗಿ ಬೆಳಗಿತು. ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಓದಿ ಪಳಗಿದ ನಮ್ಮ ಕಿವಿ ಈಗ ಎಲ್ಲೆಡೆಯೂ ಮಾತ್ರೆಯನ್ನೇ ಕೇಳುತ್ತದೆ. ಆ ಕಿವಿಯಿಂದಲೇ ಬಾದಾಮಿಯ ಬಂಡೆಗೆ ತಪ್ಪುಹೊರಿಸುವುದು ಕಾಲವಿರುದ್ಧವಾದ ನ್ಯಾಯವೆಂದು ಹೇಳಬೇಕಾಗಿದೆ.

ಈಗ ಪದ್ಯಗಳಿಗೆ ಬರೋಣ. ಮೊದಲ ತ್ರಿಪದಿಯ ಮೊದಲ ಪಾದವನ್ನು ಅಂಶಗಣಗಳಾಗಿ ಬಿಡಿಸಿದರೆ ನಾಲ್ಕು ವಿಷ್ಣುಗಣಗಳು ತೊಡಕಿಲ್ಲದೆ ದೊರೆಯುತ್ತವೆ. ಅವುಗಳ ಮಾತ್ರೆಗಳು ೪, ೫, ೫, ೬. ಗಣದಿಂದ ಗಣಕ್ಕೆ ಗುರುಗಳು ಒಂದೊಂದಾಗಿ ಏರಿ ಕಡೆಯ ಗಣದಲ್ಲಿ ಮೂರಕ್ಷರವೂ ಗುರುವಾಗಿ ನಿಲ್ಲುವುದನ್ನು ಗಮನಿಸಬೇಕು. ಎರಡನೆಯ ಪಾದದಲ್ಲಿ ವಿಷ್ಣು, ಬ್ರಹ್ಮ, ವಿಷ್ಣು, ವಿಷ್ಣು. ಮಾತ್ರೆ ೫, ೩, ೪, ೬. ಒಟ್ಟು ಹದಿನೆಂಟು. ಆಕ್ಷೇಪದವರು ಹೇಳುವ ‘ಹೆಚ್ಚು ಮಾತ್ರೆ’ ಇರುವುದು ಇಲ್ಲೇ. ಅದು ಎಂಟನೆಯ ಗಣದ ಕೊನೆಯಲ್ಲಿ ಎರಡು ಗುರು ಬಂದಿರುವುದರ ಫಲ. ಎರಡು ಲಘುವಿನ ಮೇಲೆ ಎರಡು ಗುರು ಬಂದರೂ ಅದು ವಿಷ್ಣುಗಣವೇ. ಮೂರನೆಯ ಪಾದದಲ್ಲಿ ಸಂಧಿ ಮಾಡಿ ಓದಿದರೆ ವಿಷ್ಣು, ಬ್ರಹ್ಮ, ವಿಷ್ಣು. ೪, ೪, ೫, ಹದಿಮೂರು. ಹನ್ನೊಂದು ಗಣಗಳಲ್ಲಿ ಒಂದೂ ವಿಧಿಯನ್ನು ತಪ್ಪಿಲ್ಲ. ನಾಗವರ್ಮನು ಸುಮಾರು ಮುನ್ನೂರು ವರ್ಷಗಳ ತರುವಾಯ ಹೇಳಿದ ಲಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷ್ಯವನ್ನು ಹುಡುಕುವುದು ಕಷ್ಟ.

ಮೂರನೆಯ ತ್ರಿಪದಿ, ಎಂದರೆ ಸಿಂಹದ ಉಪಮೆಯುಳ್ಳದ್ದು, ಮಾತ್ರೆಯ ಲೆಕ್ಕಕ್ಕೆ ಇನ್ನೂ ದೂರ: ಮೊದಲ ಪಾದ ಹತ್ತೊಂಬತ್ತು, ಎರಡನೆಯದು ಇಪ್ಪತ್ತು, ಮೂರನೆಯದು ಹದಿನೈದು. ಆದರೂ ಅಂಶಗಣದ ಲೆಕ್ಕದಲ್ಲಿ ಹನ್ನೊಂದೂ ಸರಿಯಾಗಿವೆ. ನಡುವಿನ ತ್ರಿಪದಿಯಲ್ಲಿ ಮಾತ್ರ ಒಂದೆಡೆ ಎಡವುತ್ತೇವೆ. ಅದರ ಎಂಟನೆಯ ಗಣವು ಲಘುವಿನ ಮೇಲೆ ಗುರುವಿನಿಂದ ತೊಡಗುತ್ತದೆ. ಎರಡು ಲಘು ಇಲ್ಲವೆ ಒಂದು ಗುರು ಇರಬೇಕೆಂಬ ನಿಯಮಕ್ಕೆ ಇದು ಹೊರಗು. ಆ ಸ್ಥಾನದಲ್ಲಿರುವುದು ಪೂರ್ವಜನ್ಮದ ಕರ್ಮವನ್ನು ಹೇಳುವ ಸಂಸ್ಕೃತ ಸಮಾಸಪದ. ಕವಿಗೆ ಆ ಶಬ್ದವೇ ಬೇಕಾಗಿತ್ತು, ಕನ್ನಡದ ಗಣಕ್ಕೆ ಅದು ಒಗ್ಗಲಿಲ್ಲ. ಹಾಡುವಾಗ ಮೊದಲ ಲಘುವನ್ನು ಎಳೆದುಕೊಂಡರೆ ತಾಳ ಕೆಡುವುದಿಲ್ಲವಾದರೂ, ಇದು ದೋಷವೇ ಹೌದೆಂದು ಒಪ್ಪುವುದು ಪ್ರಾಮಾಣಿಕತೆ. ಮೂವತ್ತಮೂರು ಗಣಗಳಲ್ಲಿ ಒಂದು! ಇಷ್ಟು ಅಲ್ಪವಾದ ಸ್ಖಲನವಿರುವ ರಚನೆಯನ್ನು ಅಪಕ್ವವೆಂದು ಕರೆದರೆ ನಮ್ಮ ಪ್ರಸಿದ್ಧ ಕವಿಗಳಲ್ಲಿ ಪಕ್ವರೆನಿಸಿಕೊಳ್ಳುವವರು ಎಷ್ಟು ಮಂದಿ ಉಳಿದಾರು?

ಗಣವಿಭಾಗದಿಂದ ಇನ್ನೊಂದು ಸಂಗತಿ ಹೊರಬೀಳುತ್ತದೆ. ನಮಗೆ ಇದು ಮಾತ್ರೆಯ ವಿವಾದಕ್ಕಿಂತಲೂ ಮುಖ್ಯವಾಗಿ ತೋರುತ್ತದೆ. ಮೂರು ತ್ರಿಪದಿಗಳಲ್ಲಿಯೂ ಆರನೆಯ ಗಣ, ಎಂದರೆ ಮೊದಲನೆಯ ಬ್ರಹ್ಮಗಣ, ಒಂದೇ ಶಬ್ದ. ‘ಕಲಿ’ ಎಂಬುದರ ಚತುರ್ಥೀ ರೂಪ, ಮೂರು ಲಘುಗಳದ್ದು, ಮೂರು ಪದ್ಯಗಳಲ್ಲಿಯೂ ಅದೇ ಸ್ಥಾನದಲ್ಲಿ ಬಂದು ಕುಳಿತಿದೆ. ಮೊದಲ ಪದ್ಯದಲ್ಲಿ ನಾಯಕನ ಬಿರುದು ‘ಕಲಿಯುಗವಿಪರೀತ’ ಎಂದು ಸಮಾಸವಾಗಿ ಆರನೆಯ ಗಣದ ಆಚೆಗೆ ಬರುತ್ತದೆ. ಮುಂದಿನ ಎರಡರಲ್ಲಿ ಕವಿ ಅದೇ ಸಮಾಸವನ್ನು ಒಡೆದು, ಯುಗಶಬ್ದವನ್ನು ಕೈಬಿಟ್ಟು, ಕಲಿಗೆ ವಿರುದ್ಧನಾದವನು ಎಂಬರ್ಥದ ಬಿಡಿಮಾತಾಗಿ ಮಾಡಿಕೊಂಡಿದ್ದಾನೆ. ಆರನೆಯ ಸ್ಥಾನದಲ್ಲಿ ಸಣ್ಣ ಗಣ ಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿ ಬಿರುದಿನ ರೂಪವನ್ನೇ ಬದಲಿಸಿದನು. ಛಂದಸ್ಸು ಕೈಗೆ ಸಿಕ್ಕದೆ ತಡವರಿಸುವವನು ಮಾಡುವ ಕೆಲಸವಲ್ಲ ಇದು. ಮೂರು ಪದ್ಯಗಳೂ ಒಬ್ಬನ ರಚನೆಯೆಂಬುದಕ್ಕೂ ಇದೊಂದು ಸಾಕ್ಷ್ಯವಾಗಬಲ್ಲದು.

ಪ್ರಾಸದ ವಿಷಯದಲ್ಲಿಯೂ ಅವನು ಜಿಪುಣನಲ್ಲ. ಪಾದಾದಿಯ ಎರಡನೆಯ ಅಕ್ಷರದಲ್ಲಿ ಪ್ರಾಸವಿರಬೇಕೆಂಬುದು ವಿಧಿ. ಮೊದಲ ತ್ರಿಪದಿಯಲ್ಲಿ ಧಕಾರವು ಈ ಮೂರು ಸ್ಥಾನಗಳಲ್ಲಷ್ಟೇ ಅಲ್ಲದೆ ಮೊದಲ ಪಾದದ ಒಳಗೂ ಮೂರು ಸಲ ಮೊಳಗುತ್ತದೆ. ಎರಡನೆಯದರಲ್ಲಿ ಲಕಾರದ ಒತ್ತಕ್ಷರ. ಅಲ್ಲಿ ಒಂದು ಪಾದದ ಳಕಾರವನ್ನು ಲಕಾರಕ್ಕೆ ಸಮೀಪವೆಂದು ಕೊಂಡಿದ್ದಾನೆ. ಒಳಿತು ಕೆಡುಕುಗಳನ್ನು ಹೇಳುವ ಎರಡು ಶಬ್ದಗಳು ಒಂದೇ ಪಾದದಲ್ಲಿ ಒಂದೇ ದನಿಯಿಂದ ಎದುರುಬದುರಾಗಿ ನಿಲ್ಲುವಂತೆ ಆಗಿರುವುದರಿಂದ ಈ ಸಡಿಲಿಕೆ ಲಾಭವೇ ಆಯಿತು. ಮೂರನೆಯದರಲ್ಲಿ ಟಕಾರದ ಒತ್ತು. ಕಟ್ಟುವುದು, ಕೆಡುವುದು, ಬಿಡುವುದು, ಮತ್ತೆ ಕೆಡುವುದು. ಕ್ರಿಯಾಪದಗಳೇ ಪ್ರಾಸವನ್ನು ಹೊತ್ತಿವೆ. ಚಾಣದ ಪೆಟ್ಟಿನಂತೆ ಅದು ನಾಲ್ಕು ಸಲ ಕೇಳುತ್ತದೆ. ಧಕಾರದ ಘೋಷದಿಂದ ಲಕಾರದ ನಯಕ್ಕೆ ಹೋಗಿ ಅಲ್ಲಿಂದ ಟಕಾರದ ಕಾಠಿನ್ಯಕ್ಕೆ ಬರುವ ಈ ನಡೆ ಭಾವದ ನಡೆಗೆ ಹೊಂದಿಕೊಂಡಿದೆ.

ಭಾವವನ್ನು ಕುರಿತು ಕೆಲವು ಮಾತು. ಮೊದಲ ತ್ರಿಪದಿಯು ತೂಕದ ಮಾತು: ಸಾಧುವಾದವನಿಗೆ ಅರಭಟ್ಟ ಸಾಧು, ಮಧುರನಾದವನಿಗೆ ಮಧುರ, ಬಾಧಿಸುವವನಿಗೆ ಮಾತ್ರ ಅವನು ಸಾಕ್ಷಾತ್ ಮಾಧವ. ಇಲ್ಲಿ ‘ಕಲಿ’ ಶಬ್ದದ ಆಟವನ್ನು ಬಿಡಿಸಿ ನೋಡಬೇಕು. ಮೊದಲ ಪಾದದಲ್ಲಿ ನಾಮಪದ ಚತುರ್ಥಿಯಲ್ಲಿ ಬಂದು ಕೂಡಲೇ ಅದೇ ನಾಮಪದ ಪ್ರಥಮೆಯಲ್ಲಿ ಬರುತ್ತದೆ. ಇಂಥವನಿಗೆ ಇಂಥವನೇ ಎಂಬ ಅಚ್ಚು ಎರಡು ಸಲ ಒತ್ತಿದಂತಾಗುತ್ತದೆ. ಎರಡನೆಯ ಪಾದದಲ್ಲಿ ‘ಕಲಿ’ಯು ಚತುರ್ಥಿಯಲ್ಲಿ ಬಂದೊಡನೆ ಮುಂದಿನ ಗಣವೂ ಅದೇ ಶಬ್ದದಿಂದ ತೊಡಗುತ್ತದೆ. ಕೇಳುವವನು ಮೂರನೆಯ ಸಲವೂ ಅದೇ ಅಚ್ಚೆಂದು ತಿಳಿದು, ವೀರನಿಗೆ ವೀರನೆಂಬ ಅರ್ಥವನ್ನು ಅರೆಗಳಿಗೆ ಹಿಡಿಯುತ್ತಾನೆ. ಅಷ್ಟರಲ್ಲಿ ಶಬ್ದ ಬೆಳೆದು ಕಲಿಯುಗವಾಗಿ, ಬಿರುದಾಗಿ ಬಿಡುತ್ತದೆ. ಕನ್ನಡದ ಕಲಿಯೆಂದರೆ ಶೂರ, ಸಂಸ್ಕೃತದ ಕಲಿಯೆಂದರೆ ಪಾಪದ ಯುಗಪುರುಷ. ಎರಡೂ ಅರ್ಥಗಳು ಒಂದರ ಹಿಂದೊಂದು ಹಾದುಹೋಗುತ್ತವೆ. ಈ ಪದ್ಯದ ಶಬ್ದಗಳಲ್ಲಿ ಮುಕ್ಕಾಲು ಪಾಲು ಸಂಸ್ಕೃತದವು. ಅಷ್ಟಿದ್ದರೂ ಇದನ್ನು ನಡೆಸುವ ಯುಕ್ತಿ ಅಚ್ಚಗನ್ನಡದ ವಿಭಕ್ತಿಯಲ್ಲಿದೆ.

ಎರಡನೆಯ ತ್ರಿಪದಿಯಲ್ಲಿ ಹೊಗಳಿಕೆ ನಿಲ್ಲುತ್ತದೆ. ಒಳಿತನ್ನು ಮಾಡುವವರು ಯಾರು, ಕೆಡುಕೂ ಹಾಗೆಯೇ, ಹಿಂದೆ ಮಾಡಿದ ಕರ್ಮ ಬಲಿಷ್ಠವಾದುದು, ಇಲ್ಲಿಗೇ ಬಂದು ಕೂಡಿಕೊಳ್ಳುತ್ತದೆ ಎಂಬ ವಿಚಾರ. ರಸದ ಹೆಸರು ಹೇಳಲೇಬೇಕೆಂದರೆ ಶಾಂತಕ್ಕೆ ಸಮೀಪ. ಆದರೆ ಆ ಶಾಂತದ ಕೆಳಗೆ ಬೆದರಿಕೆಯುಂಟು. ಬರುವುದು ಬಂದೇ ತೀರುವುದೆಂದು ಹೇಳಿದ ಬಳಿಕವೇ ಸಿಂಹ ಬರುತ್ತದೆ.

ಮೂರನೆಯ ತ್ರಿಪದಿ ಮೂರರಲ್ಲಿಯೂ ಶ್ರೇಷ್ಠವೆಂದು ನಮ್ಮ ಅಭಿಪ್ರಾಯ. ಕಟ್ಟಿಹಾಕಿದ ಸಿಂಹವನ್ನು, ನಮಗೇನು ಕೆಟ್ಟಿತು ಎಂದುಕೊಂಡು ಬಿಚ್ಚಿಬಿಟ್ಟವರಂತೆ, ಇವನಿಗೆ ಅಹಿತರಾದವರು ಕೆಟ್ಟರು, ಸತ್ತರು. ಸಿಂಹದ ಗರ್ಜನೆಯಾಗಲಿ ಕೋರೆಯಾಗಲಿ ಇಲ್ಲಿ ವರ್ಣಿತವಾಗಿಲ್ಲ. ಕವಿಯ ಕಣ್ಣಿರುವುದು ಹಗ್ಗವನ್ನು ಬಿಚ್ಚುವ ಕೈಗಳ ಮೇಲೆ, ಅವರು ತಮ್ಮೊಳಗೆ ಆಡಿಕೊಳ್ಳುವ ಉಡಾಫೆಯ ಮಾತಿನ ಮೇಲೆ. ಆ ಮಾತನ್ನು ಅವರ ಬಾಯಿಂದಲೇ ಆಡಿಸಿರುವುದು ವಿಶೇಷ. ಪದ್ಯದ ಕಡೆಯ ಗಣದಲ್ಲಿರುವ ‘ಅವಿಚಾರ’ ಶಬ್ದಕ್ಕೆ ಎರಡು ಅರ್ಥಗಳನ್ನು ಹೇಳಬಹುದು. ‘ಸಂದೇಹವಿಲ್ಲದೆ’ ಎಂಬುದು ಒಂದು. ‘ವಿವೇಚನೆಯಿಲ್ಲದೆ’ ಎಂಬುದು ಇನ್ನೊಂದು. ಮೊದಲನೆಯದನ್ನು ಹಿಡಿದರೆ ಅದು ಬರಿಯ ಒತ್ತುಮಾತು. ಎರಡನೆಯದನ್ನು ಹಿಡಿದರೆ ಮೊದಲ ಪಾದದ ಉಡಾಫೆಗೆ ಮೂರನೆಯ ಪಾದದ ಕೊನೆಯಲ್ಲಿ ಉತ್ತರ ದೊರೆಯುತ್ತದೆ: ವಿಚಾರಿಸದೆ ಬಿಟ್ಟರು, ವಿಚಾರಿಸದೆ ಸತ್ತರು. ಪದ್ಯದ ಕಟ್ಟು ಎರಡನೆಯ ಅರ್ಥವನ್ನೇ ಬೇಡುತ್ತದೆಂದು ನಾವು ತಿಳಿಯುತ್ತೇವೆ. ಮೂರನೆಯ ಪಾದದ ಮಾತ್ರೆಗಳು ೬, ೩, ೬ ಆಗಿರುವುದೂ ವ್ಯರ್ಥವಲ್ಲ. ಭಾರವಾದ ಗಣ, ಕತ್ತರಿಸಿದಂತೆ ಸಣ್ಣ ಗಣ, ಮತ್ತೆ ಭಾರವಾದ ಗಣ. ಇದನ್ನು ಹದಿಮೂರಕ್ಕೆ ಇಳಿಸಿ ‘ತಿದ್ದಿದ’ರೆ ಸಾವಿನ ತೂಕವೇ ಹೋಗುತ್ತದೆ.

ಸಂಸ್ಕೃತ ಶ್ಲೋಕವು ಇವೆಲ್ಲಕ್ಕೂ ಮೊದಲು ಬಂದುದೇಕೆಂಬ ಪ್ರಶ್ನೆಗೆ ಇಲ್ಲಿ ಸಮಾಧಾನ ಸಿಕ್ಕುತ್ತದೆ. ಮಾನವೇ ಪ್ರಾಣಕ್ಕಿಂತ ಹೆಚ್ಚೆಂಬ ತತ್ತ್ವವನ್ನು ಸಾಮಾನ್ಯೋಕ್ತಿಯಾಗಿ ದೇವಭಾಷೆಯಲ್ಲಿ ಹೇಳಿ, ಆ ತತ್ತ್ವದಂತೆ ಬದುಕಿದ ಒಬ್ಬ ಮನುಷ್ಯನನ್ನು ಕನ್ನಡದಲ್ಲಿ ತೋರಿಸಲಾಗಿದೆ. ನೆರೆಯಲ್ಲಿಯೇ ಇರುವ ಬೇರೆ ಶಾಸನಗಳನ್ನು ಹೋಲಿಸಿದರೆ ಇದರ ಹೊಸತನ ತಿಳಿಯುತ್ತದೆ. ಬಾದಾಮಿಯ ಕೋಟೆಯನ್ನು ಒಂದನೆಯ ಪುಲಕೇಶಿ ಕಟ್ಟಿಸಿದುದನ್ನು ಹೇಳುವ ೫೪೩ರ ಬಂಡೆಯ ಶಾಸನ, ಮಂಗಲೇಶನ ೫೭೮ರ ವೈಷ್ಣವ ಗುಹೆಯ ಶಾಸನ ಇವೆರಡೂ ಸಂಸ್ಕೃತದವು. ಹುನಗುಂದ ಸೀಮೆಯ ಐಹೊಳೆಯ ಮೇಗುಟಿಯಲ್ಲಿ ೬೩೪–೩೫ರಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯನ್ನು ಸಂಸ್ಕೃತದ ನಾನಾ ವೃತ್ತಗಳಲ್ಲಿ ಹೊಗಳಿ, ತನ್ನನ್ನು ಕಾಳಿದಾಸ ಭಾರವಿಗಳ ಪಂಕ್ತಿಯಲ್ಲಿ ಕೂರಿಸಿಕೊಂಡನು. ಕನ್ನಡದ ಪದ್ಯಶಾಸನಗಳು ಆಗಲೇ ಇರಲಿಲ್ಲವೆಂದಲ್ಲ. ಚಿತ್ರದುರ್ಗದ ಕಡೆಯ ತಮಟಕಲ್ಲಿನಲ್ಲಿಯೂ, ಏಳನೆಯ ಶತಮಾನದ ಶ್ರವಣಬೆಳಗೊಳದಲ್ಲಿಯೂ ಕನ್ನಡ ಪದ್ಯಗಳುಂಟು. ಆದರೆ ಅವು ಸಂಸ್ಕೃತ ವೃತ್ತಗಳ ಅಚ್ಚಿನಲ್ಲಿ ಎರಕಹೊಯ್ದವು. ಅರಸರ ಪ್ರಶಸ್ತಿ ಮೊಳಗುತ್ತಿದ್ದ ಅದೇ ಹತ್ತು ಹನ್ನೆರಡು ಹರದಾರಿಯ ಒಳಗೆ, ಅರಸನಲ್ಲದ ಒಬ್ಬನ ಹೊಗಳಿಕೆಗೆ ದೇಸಿಯ ಮೂರು ಸಾಲಿನ ಬಂಧವನ್ನು ಆರಿಸಿಕೊಂಡುದು ಆಕಸ್ಮಿಕವಾಗಿರಲಾರದು.

ಆ ಬಂಧ ಅವನಿಗೆ ಎಲ್ಲಿಂದ ಬಂತು? ಇದಕ್ಕೆ ಉತ್ತರವನ್ನು ಪದ್ಯದ ಒಳಗೇ ಹುಡುಕಬಹುದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಯ ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತ ಬಂದ ಪದಗಳು ತ್ರಿಪದಿಗಳು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚುಹಾಕಿಸಿದ ಸಂಗ್ರಹದಲ್ಲಿಯೂ ಇದೇ ಮಟ್ಟನ್ನು ಕಾಣಬಹುದು. ಆ ಹಾಡುಗಳಲ್ಲಿ ಎರಡನೆಯ ಪಾದಕ್ಕೆ ಒಂದು ವಿಶೇಷ ಉಂಟು. ಏಳನೆಯ ಗಣಕ್ಕೆ ಒಂದು ನಿಲುಗಡೆ ಬರುತ್ತದೆ. ಎಂಟನೆಯ ಗಣವು ತನ್ನ ಪಾದದಿಂದ ಬಿಡಿಸಿಕೊಂಡು, ಸಂಬೋಧನೆಯಾಗಿಯೋ ಕರ್ತೃಪದವಾಗಿಯೋ ಮೂರನೆಯ ಪಾದದ ಕಡೆಗೆ ವಾಲುತ್ತದೆ. ಹಾಡುವವರು ಎರಡನೆಯ ಪಾದವನ್ನು ಮರಳಿಸಿ ಹಾಡಿ, ಮೂರನ್ನು ನಾಲ್ಕಾಗಿ ಮಾಡಿಕೊಂಡು, ಆ ಎಂಟನೆಯ ಗಣದಿಂದ ಕಡೆಯ ಪಾದಕ್ಕೆ ಸೇತುವೆ ಕಟ್ಟುತ್ತಾರೆ. ಸಾಂಗತ್ಯದ ಹುಟ್ಟನ್ನು ವಿದ್ವಾಂಸರು ಗುರುತಿಸುವುದೂ ಈ ಮರಳಿಸುವ ಪದ್ಧತಿಯಲ್ಲಿಯೇ.

ಶಾಸನದ ಎರಡನೆಯ ತ್ರಿಪದಿಯಲ್ಲಿ ಎಂಟನೆಯ ಗಣ ಯಾವುದು? ಪೂರ್ವಕರ್ಮವೆಂಬರ್ಥದ ಶಬ್ದ. ಅದು ಮೂರನೆಯ ಪಾದದ ‘ಬಂದು ಕೂಡುವುದು’ ಎಂಬ ಕ್ರಿಯೆಗೆ ಕರ್ತೃ. ಮೂರನೆಯ ತ್ರಿಪದಿಯ ಎಂಟನೆಯ ಗಣ? ಶತ್ರುಗಳು ಎಂಬರ್ಥದ ಬಹುವಚನ. ಅದೂ ಮೂರನೆಯ ಪಾದದ ಕೆಟ್ಟರು, ಸತ್ತರು ಎಂಬ ಕ್ರಿಯೆಗಳಿಗೆ ಕರ್ತೃ. ಎರಡೂ ಕಡೆ ಏಳನೆಯ ಗಣಕ್ಕೆ ನಾಯಕನ ಬಿರುದು ಮುಗಿಯುತ್ತದೆ, ಎಂಟನೆಯದು ಆಚೆಗೆ ವಾಲುತ್ತದೆ. ಬೀಸುವ ಕಲ್ಲಿನ ಪದದ ನಡೆ ಇದೇ ಅಲ್ಲವೆ? ಮೊದಲ ತ್ರಿಪದಿಯಲ್ಲಿ ಮಾತ್ರ ಏಳು ಎಂಟನೆಯ ಗಣಗಳು ಒಂದೇ ಸಮಾಸದ ಎರಡು ತುಂಡುಗಳಾಗಿರುವುದರಿಂದ ಈ ನಿಲುಗಡೆ ಅಷ್ಟು ಸ್ಪಷ್ಟವಾಗಿಲ್ಲ. ಸಂಸ್ಕೃತ ಶಬ್ದಗಳ ಭಾರ ಎಲ್ಲಕ್ಕಿಂತ ಹೆಚ್ಚಾಗಿರುವ ಪದ್ಯವೂ ಅದೇ ಎಂಬುದನ್ನು ನೆನೆಯಬೇಕು. ಕನ್ನಡದ ಶಬ್ದಗಳು ಹೆಚ್ಚಾಗಿರುವಲ್ಲಿ ಹಾಡಿನ ನಡೆ ತಾನಾಗಿ ಮೇಲಕ್ಕೆ ಬಂದಿದೆ.

ಇದರಿಂದ ಬಾದಾಮಿಯ ಕವಿ ಬೀಸುವ ಪದವನ್ನೇ ಕೇಳಿ ಬರೆದನೆಂದು ಸಾಧಿಸಿದಂತಾಗುವುದಿಲ್ಲ. ಆ ಕಾಲದ ಪದಗಳು ನಮಗೆ ಉಳಿದು ಬಂದಿಲ್ಲ. ಆದರೆ ಎರಡನೆಯ ಪಾದದ ಬಾಲವನ್ನು ಮೂರನೆಯದಕ್ಕೆ ಗಂಟುಹಾಕುವ ರೀತಿಯು ಓದುವ ಪದ್ಯದಲ್ಲಿ ಹುಟ್ಟತಕ್ಕದ್ದಲ್ಲ. ಕಲ್ಲಿನ ಮೇಲೆ ಏರುವುದಕ್ಕೆ ಮೊದಲು ಆ ಬಂಧವು ಹಲವು ತಲೆಮಾರು ಬಾಯಲ್ಲಿ ಸವೆದಿರಬೇಕು. ಸುಮಾರು ೭೦೦ನ್ನು ತ್ರಿಪದಿಯ ಜನ್ಮವರ್ಷವೆಂದು ಸಾಹಿತ್ಯಚರಿತ್ರೆಯಲ್ಲಿ ಬರೆಯುವುದಕ್ಕಿಂತ, ಅದು ಬರಹಕ್ಕೆ ಬಂದುದರ ಕಾಲವೆಂದು ಬರೆಯುವುದು ಸಾಧುವಾದೀತು.

ಕೊನೆಯದಾಗಿ ಸಂಪಾದಕರಿಗೂ ಉಪಾಧ್ಯಾಯರಿಗೂ ಒಂದು ಬಿನ್ನಹ. ಜನಪದ ತ್ರಿಪದಿಗಳನ್ನು ಅಚ್ಚು ಮಾಡುವಾಗ ಎಂಟನೆಯ ಗಣದ ಹಿಂದೆ ಸಣ್ಣ ಗೀಟನ್ನು ಹಾಕುವ ವಾಡಿಕೆಯುಂಟು. ಶಾಸನದ ಎರಡನೆಯ ಮೂರನೆಯ ತ್ರಿಪದಿಗಳನ್ನೂ ಹಾಗೆಯೇ ಗೀಟು ಹಾಕಿ ಅಚ್ಚು ಮಾಡಿ, ತರಗತಿಯಲ್ಲಿ ಮಾತ್ರೆ ಎಣಿಸುವುದಕ್ಕೆ ಮೊದಲು ಒಮ್ಮೆ ಬೀಸುವ ಪದದ ಮಟ್ಟಿನಲ್ಲಿ ಎರಡನೆಯ ಪಾದವನ್ನು ಮರಳಿಸಿ ಹಾಡಿಸಿ ನೋಡಬೇಕು. ನಡುವಿನ ಪದ್ಯದಲ್ಲಿ ಲಘುವಿನಿಂದ ತೊಡಗುವ ಆ ಒಂದು ಗಣವನ್ನು ಹಾಡುವವರು ಹೇಗೆ ನಿಭಾಯಿಸುತ್ತಾರೆಂಬುದನ್ನು ವಿಶೇಷವಾಗಿ ಗುರುತುಹಾಕಿಕೊಳ್ಳತಕ್ಕದ್ದು.